ಫೆಲೋಶಿಪ್ ಬೇಕಾದವರು ಮೊದಲು ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ

ಸನ್ನದು ಪಡೆದ ಮೊದಲ ಮೂರ್ನಾಲ್ಕು ವರ್ಷ ಜೂನಿಯರ್ ವಕೀಲರ ಜೇಬು ಹೇಗಿರುತ್ತದೆಂದು ಕುಂದಾಪುರ ಕೋರ್ಟಿನ ಸುತ್ತ ಓಡಾಡಿದವರಿಗೆ ಹೇಳಬೇಕಿಲ್ಲ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಹೊರಡಿಸಿ, ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಎಂದಿತು. ಅದು ಬರೀ ಶಿಫಾರಸು. ಕೊಡದಿದ್ದರೆ ಕೇಳುವವರಿಲ್ಲ. ಇಂಥದ್ದರಲ್ಲಿ ಫೀಸು ಕೊಡಲಾಗದವರ ಕೇಸು ನಡೆಸಬೇಕು, ಕಾನೂನಿನಲ್ಲೇ ಇರುವ ತೊಡಕನ್ನು ತಿದ್ದಿಸಬೇಕು ಎಂಬ ಹಂಬಲವಿದ್ದವರಿಗೆ ಒಂದೆರಡು ವರ್ಷ ಊಟ, ಬಾಡಿಗೆಯ ಚಿಂತೆಯಿಲ್ಲದೆ ದುಡಿಯಲು ಇರುವ ದಾರಿ ಫೆಲೋಶಿಪ್. ಅದೆಲ್ಲ ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ಓದಿದವರ ಪಾಲು ಎಂದು ನಮ್ಮ ಹುಡುಗ ಹುಡುಗಿಯರು ಮೊದಲೇ ಕೈಚೆಲ್ಲುತ್ತಾರೆ. ಆದರೆ ಅರ್ಜಿ ಓದುವವರು ಹುಡುಕುವ ಸರಕು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡತಗಳಲ್ಲಿ ಧೂಳು ತಿನ್ನುತ್ತಿದೆ.

1. ‘ಮಾನವ ಹಕ್ಕು’ ಎಂದು ಬರೆದು ನಿಲ್ಲಿಸಬೇಡಿ. ಒಂದು ಕಾಯ್ದೆ, ಒಂದು ಕಲಂ ಹಿಡಿಯಿರಿ

ದಮನಿತರ ದನಿಯಾಗುತ್ತೇನೆ ಎಂಬ ವಾಕ್ಯ ಎಲ್ಲರ ಅರ್ಜಿಯಲ್ಲೂ ಇರುತ್ತದೆ. ಯಾರ ದನಿ, ಯಾವ ಊರು, ಯಾವ ಕಾನೂನಿನ ಎಷ್ಟನೇ ಕಲಂ ಅವರಿಗೆ ಅಡ್ಡ ಬಂದಿದೆ ಎಂದು ಬರೆದವರು ಕಡಿಮೆ. ನಮ್ಮ ಮೂರು ತಾಲೂಕುಗಳಲ್ಲಿ ಕೈಗೆ ಸಿಗುವ ವಿಷಯಗಳನ್ನೇ ನೋಡಿ.

ಕೊರಗರನ್ನು ಕೀಳಾಗಿ ಕಾಣುವ, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಕೂಲಿ ಕೊಡದೆ ಅಥವಾ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಕೊರಗರು ಪರಿಶಿಷ್ಟ ಪಂಗಡದವರಾದ್ದರಿಂದ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅವರಿಗೆ ಅನ್ವಯಿಸುತ್ತದೆ. ಹಾಗಾದರೆ ಠಾಣೆಯಲ್ಲಿ ಯಾವ ಕಾಯ್ದೆ ಬಳಕೆಯಾಗುತ್ತಿದೆ? ಅಜಲು ಕಾಯ್ದೆಯಡಿ ಈ ಕಾಲು ಶತಮಾನದಲ್ಲಿ ಎಷ್ಟು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ? ಡೋಲು ಬಾರಿಸಲು ಕರೆಯುವುದು ಕಲೆಗೆ ಕೊಟ್ಟ ಮರ್ಯಾದೆಯೋ ಹಳೆಯ ಚಾಕರಿಯ ಮುಂದುವರಿಕೆಯೋ ಎಂದು ಕಾನೂನು ಹೇಗೆ ಗೆರೆ ಎಳೆಯಬೇಕು? ಒಂದು ಫೆಲೋಶಿಪ್ಪಿಗೆ ಇಷ್ಟೇ ಸಾಕು.

ಇನ್ನೊಂದು ವಿಷಯಕ್ಕೆ ಜನ ‘ಎ.ಸಿ.’ ಎನ್ನುವ ಕುಂದಾಪುರದ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ. ಪೋಷಕರು ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಜೀವನಾಂಶ ಕೇಳುವ ಅರ್ಜಿಗಳು ಬರುವುದು ಅಲ್ಲಿಗೆ. ಮಗ ಮುಂಬಯಿಯ ಹೋಟೆಲಿನಲ್ಲಿ, ಮಗಳು ಕೊಲ್ಲಿಯಲ್ಲಿ, ಜಾಗ ಆಗಲೇ ದಾನಪತ್ರವಾಗಿದೆ, ತೆಂಗಿನ ತೋಟದ ನಡುವಿನ ಮನೆಯಲ್ಲಿ ಅಮ್ಮ ಒಬ್ಬರೇ. ಕಾಯ್ದೆಯ 9ನೇ ಕಲಂ ಜೀವನಾಂಶದ ಮಿತಿಯನ್ನು ತಿಂಗಳಿಗೆ 10,000 ರೂಪಾಯಿಗೆ ನಿಲ್ಲಿಸಿದೆ. ಆ ಅಂಕಿ 2007ರದ್ದು. 17ನೇ ಕಲಂ ವಕೀಲರನ್ನೇ ಹೊರಗಿಡುತ್ತದೆ. ಅಂಚೆ ತಲುಪದ ಊರಿನ ವೃದ್ಧೆಗೆ ಅದು ಅನುಕೂಲವೋ ತೊಡಕೋ? ಕಾನೂನು ಸುಧಾರಣೆ ಎಂದರೆ ಸಂವಿಧಾನ ಪೀಠವೇ ಆಗಬೇಕೆಂದಿಲ್ಲ. ಇಂಥ ಒಂದು ಅಂಕಿ ಬದಲಾಯಿಸುವುದೂ ಸುಧಾರಣೆಯೇ.

ಕೊಲ್ಲೂರು ಕಡೆಯ ಮೂಕಾಂಬಿಕಾ ವನ್ಯಧಾಮದ ಅಂಚಿಗೆ ಹೋದರೆ ಅರಣ್ಯ ಹಕ್ಕು ಕಾಯ್ದೆ 2006 ಎದುರಾಗುತ್ತದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆಂದು ತೋರಿಸಿದರೆ ಆಯಿತು. ಪಟ್ಟಿಯಲ್ಲಿಲ್ಲದ ಕುಡುಬಿಯಂಥ ಸಮುದಾಯಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಕಾಗದ ಎಲ್ಲಿಂದ ಬರಬೇಕು? ನಿಯಮ 13 ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆನ್ನುತ್ತದೆ. ಅದನ್ನು ಬರಹಕ್ಕಿಳಿಸುವವರು ಬೇಕು.

ಕಡಲಿನ ಕಡೆ ತಿರುಗಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಬಳಿ. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತರೆಂದು ಭಾವಿಸುವ ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಆಗಿ ಮುಂದುವರಿದಿದೆ. ಆ ಏಳು ವರ್ಷ ವಿಮೆ, ಬ್ಯಾಂಕ್ ಖಾತೆ, ಸಾಲದ ವಿಚಾರದಲ್ಲಿ ಹೆಂಡತಿಯ ಸ್ಥಾನ ಏನು? ಗಂಗೊಳ್ಳಿ, ಮರವಂತೆ, ಶಿರೂರಿನ ದೋಣಿಮನೆಗಳಿಗೆಲ್ಲ ಸೇರಿದ ಪ್ರಶ್ನೆ ಇದು.

ತಾಯಿಯ ಕಡೆಯಿಂದ ಆಸ್ತಿ ಹರಿಯುವ ಅಳಿಯ ಸಂತಾನ, ಶಾಶ್ವತ ಗೇಣಿಯಾದ ಮೂಲಗೇಣಿ ಎಂಬ ಎರಡು ಹೆಸರನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. 1949ರ ಮದ್ರಾಸ್ ಅಳಿಯ ಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಂ, ಮೂಲಗೇಣಿದಾರರಿಗೆ ಒಡೆತನ ಕೊಡಲು ತಂದ 2011ರ ರಾಜ್ಯ ಕಾಯ್ದೆ: ಇವನ್ನು ಅರೆದು ಕುಡಿದ ಕಿರಿಯರು ದೆಹಲಿಯಲ್ಲಿ ಸಿಗುವುದಿಲ್ಲ.

2. ಕಾಯ್ದೆ ಹುಟ್ಟಿದ ಕಥೆ ಓದಿ

ಕಾಯ್ದೆ ಓದುವುದು ಎಲ್ಲರಿಗೂ ಬರುತ್ತದೆ; ಅದು ಕರಡಾಗಿದ್ದಾಗ ಏನಿತ್ತು, ಯಾವುದು ಬಿದ್ದುಹೋಯಿತು ಎಂದು ಹುಡುಕುವವರೇ ಸುಧಾರಣೆಯ ಮಾತಾಡಬಲ್ಲರು. ನಮ್ಮ ಕರಾವಳಿಯ ಬೆನಗಲ್ ಮನೆತನದ ಬಿ.ಎನ್. ರಾವ್ ಅವರಿಂದ ಆರಂಭಿಸಿ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಅವರು 1941ರ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿದ್ದರು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಆ ಸಮಿತಿ ಎಬ್ಬಿಸಿದ ಚರ್ಚೆಯೇ 1955–56ರ ಹಿಂದೂ ಕಾಯ್ದೆಗಳವರೆಗೆ ಹರಿಯಿತು. 1946ರಿಂದ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಪಡಿಸಿದವರೂ ಅವರೇ. ಅಮೆರಿಕದಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡುಬಂದ ಮೇಲೆ ನಮ್ಮ 21ನೇ ವಿಧಿಯ ಪದಜೋಡಣೆ ಹೇಗೆ ಬದಲಾಯಿತೆಂಬುದನ್ನು ಓದಿ; ಬಂಧಿತರ ಹಕ್ಕಿನ ಬಗ್ಗೆ ಅರ್ಜಿ ಹಾಕುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಒಂದು ಮಾತು ನೆನಪಿಡಿ: ರಾವ್ ಅವರು ಸಂವಿಧಾನದ ಕೆಲಸವನ್ನು ಗೌರವ ಸೇವೆಯಾಗಿ, ಸಂಬಳವಿಲ್ಲದೆ ಮಾಡಿದರು. ಐಸಿಎಸ್ ಮುಗಿಸಿದವರಿಗೆ ಅದು ಸಾಧ್ಯವಿತ್ತು. ತಿಂಗಳ ಕೊನೆಗೆ ಬಸ್ ಪಾಸಿಗೆ ಹುಡುಕಾಡುವ ಜೂನಿಯರ್‌ಗೆ ಆಗದು, ಆಗಬೇಕೆಂದು ಬಯಸುವುದೂ ತಪ್ಪು.

ಇನ್ನೊಂದು ಕಥೆ ಇನ್ನೂ ಹತ್ತಿರದ್ದು. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಬೆಂಗಳೂರಿನ ಸಂಸ್ಥೆ 1985ರಲ್ಲಿ ದುಡಿಯುವ ಮಕ್ಕಳಿಗಾಗಿ ಮಸೂದೆಯೊಂದರ ಕರಡು ಬರೆಯಿತು. ಕರಡು ಹಾಗೇ ಕಾಯ್ದೆಯಾಗಲಿಲ್ಲ, ಆದರೆ 1986ರ ಬಾಲಕಾರ್ಮಿಕ ಕಾಯ್ದೆಗೆ ದಾರಿ ಮಾಡಿತು. ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಲ್ಲಿ ಕುಂದಾಪುರ ಕಡೆಯವರು ಬಹಳವಿದ್ದ ಕಾಲ ಅದು. ಸಂಸ್ಥೆ ಕುಂದಾಪುರ ತಾಲೂಕಿಗೇ ಬಂದು ಕನ್ಯಾನದಲ್ಲಿ ‘ನಮ್ಮ ಭೂಮಿ’ ಕಟ್ಟಿತು. 1990ರ ದಶಕದಲ್ಲಿ ಕೆರಾಡಿ, ಆಲೂರಿನಂಥ ಕಡೆ ಮಕ್ಕಳ ಪಂಚಾಯಿತಿ ನಡೆಯಿತು. ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದ ಪಂಚಾಯಿತಿಗಳಿಗೆಲ್ಲ ಸರ್ಕಾರಿ ಸೂಚನೆಯಾಗಿ ಬಂತು. ಊರಿನ ಪ್ರಯೋಗವೊಂದು ರಾಜ್ಯದ ನಿಯಮವಾದ ಇಂಥ ಉದಾಹರಣೆ ಕಣ್ಣೆದುರೇ ಇರುವಾಗ ಅರ್ಜಿಯಲ್ಲಿ ಸ್ವೀಡನ್ನಿನ ಕಥೆ ಬರೆಯುವುದೇಕೆ?

3. ಮಾಹಿತಿ ಹಕ್ಕಿನ ಅರ್ಜಿ ಇಂದೇ ಹಾಕಿ

ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಫೆಲೋಶಿಪ್ಪಿನ ಕೊನೆಯ ದಿನಾಂಕಕ್ಕೆ ನಾಲ್ಕು ತಿಂಗಳಿರುವಾಗಲೇ ಹಾಕಿ, ಏಕೆಂದರೆ ಮೊದಲ ಉತ್ತರ “ಮಾಹಿತಿ ಲಭ್ಯವಿಲ್ಲ” ಎಂದು ಬರುವ ಸಂಭವವೇ ಹೆಚ್ಚು. ಮೇಲ್ಮನವಿಗೆ ಸಮಯ ಬೇಕು. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆಯಬೇಡಿ. ಯಾವ ಠಾಣೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕಾಯ್ದೆ ಎಂದು ಕೇಳಿ. ಕಡತ ಪರಿಶೀಲನೆಗೆ ಅವಕಾಶ ಕೋರಿದರೆ ಇನ್ನೂ ಒಳ್ಳೆಯದು. ಕಡತದ ಟಿಪ್ಪಣಿ ಹಾಳೆಯಲ್ಲಿ ಗುಮಾಸ್ತರು ಬರೆದ ಒಂದು ಸಾಲು ಎಷ್ಟೋ ಸಲ ಇಡೀ ವರದಿಗಿಂತ ಹೆಚ್ಚು ಹೇಳುತ್ತದೆ.

4. ಯಾವುದು ಯಾರಿಗೆ ಎಂದು ಮೊದಲು ಬೇರ್ಪಡಿಸಿ

ಎಲ್ಲದಕ್ಕೂ ಅರ್ಜಿ ಹಾಕುವುದು ಸಮಯ ಹಾಳು. ವಯಸ್ಸು, ಅನುಭವ, ಜಾತಿ ಪ್ರಮಾಣಪತ್ರ, ಆದಾಯ, ಈ ನಾಲ್ಕು ಜರಡಿಯಲ್ಲಿ ಸೋಸಿ.

ವಯಸ್ಸು 25 ದಾಟದಿದ್ದರೆ ಪಿಆರ್‌ಎಸ್ ಸಂಸ್ಥೆಯ ‘ಲ್ಯಾಂಪ್’ ನೋಡಿ. 2010ರಿಂದ ನಡೆಯುತ್ತಿದೆ, ಸಂಸದರೊಬ್ಬರ ಜೊತೆ ಸುಮಾರು ಒಂದು ವರ್ಷ ಕೆಲಸ, ಮಸೂದೆ ಓದುವುದು, ಪ್ರಶ್ನೆ ಸಿದ್ಧಪಡಿಸುವುದು. ಕಾನೂನು ಎಲ್ಲಿ ಬೇಯುತ್ತದೆಂದು ನೋಡಬೇಕಾದವರಿಗೆ ಹೇಳಿ ಮಾಡಿಸಿದ್ದು.

ಸುಪ್ರೀಂ ಕೋರ್ಟಿನ ಲಾ ಕ್ಲರ್ಕ್ ಕಂ ರಿಸರ್ಚ್ ಅಸೋಸಿಯೇಟ್ ಹುದ್ದೆ ಹೆಸರಿಗೆ ಫೆಲೋಶಿಪ್ ಅಲ್ಲ, ಫಲದಲ್ಲಿ ಅದೇ. 2025ರ ಅಧಿಸೂಚನೆಯಲ್ಲಿ ತಿಂಗಳಿಗೆ 80,000 ರೂಪಾಯಿ, ವಯಸ್ಸು 20ರಿಂದ 32 ಎಂದಿತ್ತು. ಲಿಖಿತ ಪರೀಕ್ಷೆ, ಸಂದರ್ಶನ ಇವೆ. ಕರ್ನಾಟಕ ಹೈಕೋರ್ಟು ಕೂಡ ಲಾ ಕ್ಲರ್ಕ್‌ಗಳನ್ನು ಕರೆಯುತ್ತದೆ. ಬೆಂಗಳೂರಿನಲ್ಲಿ ಆಲ್ಟರ್ನೇಟಿವ್ ಲಾ ಫೋರಂ, ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್, ದಕ್ಷ, ವಿಧಿಯಂಥ ಸಂಸ್ಥೆಗಳು ಸಂಶೋಧನೆ ಮಾಡುವ ಕಿರಿಯರನ್ನು ಆಗಾಗ ತೆಗೆದುಕೊಳ್ಳುತ್ತವೆ. ಇವುಗಳ ಪ್ರಕಟಿತ ವರದಿ ಒಂದನ್ನಾದರೂ ಓದದೆ ಪತ್ರ ಬರೆಯಬೇಡಿ.

ವಿದೇಶ ವ್ಯಾಸಂಗ ಬೇಕಾದವರು ಲೆಕ್ಕ ಹಾಕಿ. ಬ್ರಿಟನ್ನಿನ ಚೀವ್ನಿಂಗ್‌ಗೆ 2,800 ಗಂಟೆಯ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು. ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರಕ್ಕೆ ಕನಿಷ್ಠ ಮೂರು ವರ್ಷದ ಅನುಭವ. ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಬುಡಕಟ್ಟು ಸಚಿವಾಲಯ ವರ್ಷಕ್ಕೆ ಕೊಡುವ 20 ಸಾಗರೋತ್ತರ ವಿದ್ಯಾರ್ಥಿವೇತನಗಳಲ್ಲಿ 3 ಅತಿ ದುರ್ಬಲ ಬುಡಕಟ್ಟುಗಳಿಗೇ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಕೊರಗರು ಮತ್ತು ಜೇನು ಕುರುಬರು. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮೂಲನಿವಾಸಿಗಳಿಗೆ 1997ರಿಂದ, ಅಲ್ಪಸಂಖ್ಯಾತರಿಗೆ 2005ರಿಂದ ಪ್ರತ್ಯೇಕ ಫೆಲೋಶಿಪ್ ನಡೆಸುತ್ತಿದೆ. ನಿಮ್ಮ ಕೋರ್ಟಿನಲ್ಲಿ ಕೊರಗ ಸಮುದಾಯದ ಕಾನೂನು ವಿದ್ಯಾರ್ಥಿ ಇದ್ದರೆ ಈ ಪ್ಯಾರಾ ಕತ್ತರಿಸಿ ಕೊಡಿ.

ಒಂದು ಎಚ್ಚರಿಕೆ. ಸಾಮಾಜಿಕ ನ್ಯಾಯ ಸಚಿವಾಲಯ ಪರಿಶಿಷ್ಟ ಜಾತಿ ಮುಂತಾದವರಿಗೆ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಿಂದ 2022ರಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜ ಅಧ್ಯಯನದ ವಿಷಯಗಳನ್ನು ಹೊರಗಿಟ್ಟರು. ಜಾತಿಯ ಬಗ್ಗೆ ಹೊರಗೆ ಹೋಗಿ ಓದಬೇಕಾದವರಿಗೇ ಬಾಗಿಲು ಹಾಕಿದ ಈ ನಿಯಮ ನನಗೆ ಇವತ್ತಿಗೂ ಅರ್ಥವಾಗಿಲ್ಲ. ವಿಷಯ ಆಯ್ದುಕೊಳ್ಳುವ ಮೊದಲು ಆ ವರ್ಷದ ಮಾರ್ಗಸೂಚಿ ಓದಿ. ಮೇಲಿನ ಮೊತ್ತ, ವಯೋಮಿತಿಗಳೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

5. ಪಕ್ಕದ ಕಚೇರಿಯ ದುಡ್ಡನ್ನು ಕಡೆಗಣಿಸಬೇಡಿ

ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರಿಗೆ ನ್ಯಾಯಾಡಳಿತ ತರಬೇತಿಯ ಹೆಸರಿನಲ್ಲಿ ಮಾಸಿಕ ಭತ್ಯೆ ಕೊಡುತ್ತವೆ. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ, ಬೆರಳಗಲದ ಜಾಗದಲ್ಲಿ ಬಂದು ಹೋಗುತ್ತದೆ. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿ ಸಂಕೀರ್ಣಕ್ಕೆ ಹೋದಾಗಲೆಲ್ಲ ವಿಚಾರಿಸಿ. 2022ರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಬಂದಿರುವ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯಲ್ಲಿ ಸಹಾಯಕ ಹುದ್ದೆಗೆ ಮೂರು ವರ್ಷದೊಳಗಿನ ಅನುಭವವಿದ್ದವರೂ ಅರ್ಹರು. ವಿಚಾರಣಾಧೀನ ಕೈದಿಗಳ ಜಾಮೀನು, ರಿಮಾಂಡ್ ಕೆಲಸ ಅಲ್ಲಿ ಕಲಿತಷ್ಟು ಬೇರೆಲ್ಲಿಯೂ ಕಲಿಯಲಾರಿರಿ. ಮುಂದೆ ದೊಡ್ಡ ಫೆಲೋಶಿಪ್ಪಿಗೆ ಹೋಗುವಾಗ ಇದೇ ನಿಮ್ಮ ಬಂಡವಾಳ.

6. ಸನ್ನದಿನ ನಿಯಮ ಓದಿಕೊಂಡೇ ಸಹಿ ಹಾಕಿ

ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ನಡೆಸುವಂತಿಲ್ಲ. ಫೆಲೋಶಿಪ್ ಎಂದು ಕರೆದರೂ ಕರಾರುಪತ್ರದಲ್ಲಿ ‘ಉದ್ಯೋಗಿ’ ಎಂದಿದ್ದರೆ ರಾಜ್ಯ ಪರಿಷತ್ತಿಗೆ ತಿಳಿಸಿ ಸನ್ನದು ಅಮಾನತಿನಲ್ಲಿಡಬೇಕಾಗಬಹುದು. ಸಂಸ್ಥೆಯನ್ನು ನೇರ ಕೇಳಿ: ನಾನು ಸಲಹೆಗಾರನೋ ನೌಕರನೋ?

ನ್ಯಾಯಾಧೀಶರ ಪರೀಕ್ಷೆಯ ಆಸೆಯೂ ಇದ್ದವರಿಗೆ ಇನ್ನೊಂದು ಲೆಕ್ಕ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟು ಹೇಳಿತು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದದ್ದೂ ಆ ಲೆಕ್ಕಕ್ಕೆ ಬರುತ್ತದೆಂದು ಅದೇ ತೀರ್ಪಿನಲ್ಲಿದೆ. ಸನ್ನದು ಬದಿಗಿಟ್ಟು ಸಂಸ್ಥೆಯಲ್ಲಿ ಕಳೆದ ವರ್ಷವೂ ಬರುತ್ತದೆಂದು ನಂಬಿ ಕೂರಬೇಡಿ.

ಇನ್ನೂ ಸನ್ನದೇ ಮಾಡಿಸದವರಿಗೆ: ನೋಂದಣಿ ಶುಲ್ಕ ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ ಎಂಬ ತೀರ್ಪು 2024ರ ಜುಲೈ 30ರಂದೇ ಬಂದಿದೆ.

7. ಉದ್ದೇಶಪತ್ರದ ಮೊದಲ ಸಾಲಿನಲ್ಲೇ ಊರು ಕಾಣಲಿ

2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ಮಕ್ಕಳ ಹಕ್ಕಿನ ಬಗ್ಗೆ ಅರ್ಜಿ ಬರೆಯುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು “ಬಾಲ್ಯದಿಂದಲೂ ನನಗೆ ನ್ಯಾಯದ ಬಗ್ಗೆ ಅಪಾರ ಒಲವು” ಎಂದು ಶುರು ಮಾಡುತ್ತಾರೆ. ಇನ್ನೊಬ್ಬರು ಹೀಗೆ ಬರೆಯುತ್ತಾರೆ: “ಶಿಕ್ಷಣ ಹಕ್ಕು ಕಾಯ್ದೆಯ 6ನೇ ಕಲಂ ನೆರೆಹೊರೆಯಲ್ಲಿ ಶಾಲೆ ಇರಬೇಕೆನ್ನುತ್ತದೆ. ನಮ್ಮ ತಾಲೂಕಿನಲ್ಲಿ ಶಾಲೆ ಹತ್ತಿರವೇ ಇದೆ, ನಡುವೆ ಹೊಳೆಯಿದೆ. ಮಳೆಗಾಲದ ನಾಲ್ಕು ತಿಂಗಳು ಅದು ನೆರೆಹೊರೆ ಎನಿಸುತ್ತದೆಯೇ?” ಎರಡನೆಯವರ ಅರ್ಜಿಯನ್ನು ಯಾರೂ ಅರ್ಧಕ್ಕೆ ಮಡಚಿಡುವುದಿಲ್ಲ.

ಪತ್ರ ಮುಂದುವರಿಯಬೇಕಾದ ಕ್ರಮವೂ ಅದರಲ್ಲೇ ಇದೆ. ಸಂಕ ಕಟ್ಟುವುದು ಪಂಚಾಯಿತಿಯ ಹೊಣೆಯೋ, ಲೋಕೋಪಯೋಗಿಯದ್ದೋ, ಜಾಗ ಅರಣ್ಯದ್ದಾದರೆ ಅನುಮತಿ ಯಾರದ್ದು, ನಾನು ಹನ್ನೆರಡು ತಿಂಗಳಲ್ಲಿ ಯಾವ ದಾಖಲೆ ಸಂಗ್ರಹಿಸಿ ಯಾವ ನಿಯಮದ ತಿದ್ದುಪಡಿ ಕೇಳುತ್ತೇನೆ. ಸಂವಿಧಾನದ ಪೀಠಿಕೆ ಉದ್ಧರಿಸುವ ಅಗತ್ಯವಿಲ್ಲ. ಓದುವವರಿಗೆ ಅದು ಬಾಯಿಪಾಠ.

8. ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಡಿ

ಕನ್ನಡ ಮಾಧ್ಯಮದಲ್ಲಿ ಓದಿ, ಕಾನೂನಿನ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೊದಲ ಕರಡು ಕನ್ನಡದಲ್ಲಿ ಬರೆಯಿರಿ, ವಿಚಾರ ನಿಚ್ಚಳವಾದ ಮೇಲೆ ಇಂಗ್ಲಿಷಿಗೆ ತನ್ನಿ, ಗೊತ್ತಿದ್ದವರಿಂದ ವ್ಯಾಕರಣ ನೋಡಿಸಿ. ಚಿಕ್ಕ ವಾಕ್ಯ ಸಾಕು. ಯಂತ್ರಕ್ಕೆ ಹೇಳಿ ಬರೆಸಿದ ನಯವಾದ ಪ್ಯಾರಾಗಳು ಒಂದೇ ಬಣ್ಣದವು. ಅಂಥವನ್ನು ನೂರಾರು ಓದಿದವರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ. “ಹ್ವಾಯ್ ವಕೀಲ್ರೇ, ನಮ್ ಜಾಗದ್ ಕೇಸ್ ಎಂತ ಆಯ್ತ್?” ಎಂದು ಕೇಳುವವರ ಹೇಳಿಕೆಯನ್ನು ಅರ್ಥ ಕೆಡದಂತೆ ದಾಖಲಿಸಬಲ್ಲೆ ಎಂಬುದನ್ನು ಅರ್ಹತೆಯೆಂದೇ ಅರ್ಜಿಯಲ್ಲಿ ಬರೆಯಿರಿ. ಅದು ಎಲ್ಲರಿಗೂ ಇಲ್ಲ.

9. ಕಕ್ಷಿದಾರರ ನೋವನ್ನು ಪ್ರದರ್ಶನಕ್ಕಿಡಬೇಡಿ

ಅರ್ಜಿ ಮನಕಲಕುವಂತಿರಬೇಕೆಂಬ ಆತುರದಲ್ಲಿ ಕೆಲವರು ಪೋಕ್ಸೊ ಪ್ರಕರಣದ ಮಗುವಿನ ಊರು, ಶಾಲೆ ಎಲ್ಲ ಬರೆದುಬಿಡುತ್ತಾರೆ. ಪೋಕ್ಸೊ ಕಾಯ್ದೆಯ 23ನೇ ಕಲಂ ಗುರುತು ಬಯಲು ಮಾಡುವುದನ್ನು ನಿರ್ಬಂಧಿಸುತ್ತದೆ. ಕಕ್ಷಿದಾರರು ವಕೀಲರಿಗೆ ಹೇಳಿದ್ದು ಗೋಪ್ಯ ಎಂಬ ನಿಯಮ ಬೇರೆ ಇದೆ. ಸಾರ್ವಜನಿಕ ದಾಖಲೆಯಲ್ಲಿರುವುದನ್ನೇ ಬಳಸಿ. ಉದಾಹರಣೆಗೆ, ಬ್ರಹ್ಮಾವರ ತಾಲೂಕಿನ ಕೋಟತಟ್ಟಿನಲ್ಲಿ 2021ರ ಡಿಸೆಂಬರ್ ಕೊನೆಗೆ ಕೊರಗ ಕುಟುಂಬದ ಮೆಹಂದಿ ಕಾರ್ಯಕ್ರಮದಲ್ಲಿ ಪೊಲೀಸರು ಲಾಠಿ ಬೀಸಿದರೆಂಬ ಆರೋಪದ ಪ್ರಕರಣ. ಎಸ್‌ಐ ಅಮಾನತಾದದ್ದು, ಪೊಲೀಸರ ದೂರಿನ ಮೇಲೆ ಕೊರಗರ ವಿರುದ್ಧವೂ ಪ್ರಕರಣ ದಾಖಲಾದದ್ದು, ತನಿಖೆ ಸಿಐಡಿಗೆ ಹೋದದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿವೆ. ದೂರು ಕೊಟ್ಟವರ ಮೇಲೇ ಪ್ರತಿದೂರು ಬೀಳುವ ಪರಿಪಾಠದ ಬಗ್ಗೆ ಬರೆಯಲು ಇಷ್ಟು ಸಾಕು. ಮದುಮಗನ ಮನೆಯವರ ಫೋಟೊ ಬೇಡ.

10. ಶಿಫಾರಸು ಪತ್ರ ನಿಮ್ಮ ಕೆಲಸ ಕಂಡವರಿಂದ

ಸಮಾರಂಭದಲ್ಲಿ ಒಮ್ಮೆ ಕೈಮುಗಿದ ನಿವೃತ್ತ ನ್ಯಾಯಮೂರ್ತಿಗಳ ಪತ್ರಕ್ಕಿಂತ ದಿನವೂ ನಿಮ್ಮ ವಕಾಲತ್ತು ನೋಡುವ ಸೀನಿಯರ್ ವಕೀಲರ ಪತ್ರ ಮೇಲು. ಅವರಿಗೆ ಪುರಸೊತ್ತಿಲ್ಲ. ಒಂದು ತಿಂಗಳು ಮೊದಲೇ ಕೇಳಿ, ನೀವು ಮಾಡಿದ ಐದಾರು ಕೇಸಿನ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕೊಡಿ. ಎರಡನೇ ಪತ್ರ ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜಿನಲ್ಲೋ ಮತ್ತೆಲ್ಲೋ ಪಾಠ ಹೇಳಿದ ಮೇಷ್ಟ್ರಿಂದ.

11. ಸಂದರ್ಶನದಲ್ಲಿ ಎದುರು ಪಕ್ಷದ ವಾದವನ್ನೂ ಮಂಡಿಸಿ

ಕುಂದಾಪುರದವರು ಎಂದ ಕೂಡಲೇ ಬರುವ ಪ್ರಶ್ನೆ ಒಂದಿದೆ. ಸರ್ಕಾರಿ ಪದವಿಪೂರ್ವ ಕಾಲೇಜಿನ ಮುಚ್ಚಿದ ಗೇಟು, ಹೊರಗೆ ನಿಂತ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರು: 2022ರ ಫೆಬ್ರುವರಿಯಲ್ಲಿ ಇದನ್ನು ಇಡೀ ದೇಶ ನೋಡಿದೆ. ನಿಮ್ಮ ನಿಲುವು ಏನೇ ಇರಲಿ, ತೀರ್ಪುಗಳನ್ನು ಓದಿರಲೇಬೇಕು. 2022ರ ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣಪೀಠ ಏಕೆ ಅರ್ಜಿಗಳನ್ನು ವಜಾ ಮಾಡಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮತ್ತು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಎಲ್ಲಿ ಬೇರೆಯಾದರು, ಹೆಣ್ಣುಮಗಳ ಓದು ಎಂಬ ಅಂಶಕ್ಕೆ ಯಾರು ಎಷ್ಟು ತೂಕ ಕೊಟ್ಟರು. ನಿಮಗೆ ಒಪ್ಪಿಗೆಯಿಲ್ಲದ ತೀರ್ಪಿನ ಅತ್ಯಂತ ಗಟ್ಟಿ ವಾದವನ್ನು ಮೊದಲು ಹೇಳಿ, ಆಮೇಲೆ ನಿಮ್ಮದು. ಊರಿನಲ್ಲಿ ಎಲ್ಲರ ನಡುವೆ ಬದುಕುತ್ತಲೇ ಇಂಥ ಕೇಸು ನಡೆಸುವುದು ಹೇಗೆಂದು ಕೇಳಿದರೆ ಕಷ್ಟ ಎಂದೇ ಹೇಳಿ. ಧೀರರ ಮಾತು ಬೇಡ.

12. ಮನೆಯಲ್ಲಿ ಮೊದಲೇ ಹೇಳಿಡಿ

“ಕೋರ್ಟ್ ಬಿಟ್ಟ್ ಅದೆಂತ ಕೆಲ್ಸ ಮಗಾ?” ಎಂದು ಅಮ್ಮ ಕೇಳುತ್ತಾರೆ. ಎಷ್ಟು ತಿಂಗಳು, ಎಷ್ಟು ಹಣ, ಆಮೇಲೆ ಏನು ಎಂಬ ಮೂರಕ್ಕೆ ಉತ್ತರ ಸಿದ್ಧವಿರಲಿ. ಹೆಣ್ಣುಮಕ್ಕಳಿಗೆ ಮದುವೆಯ ಮಾತು ನಡುವೆ ಬಂದೇ ಬರುತ್ತದೆ. ಫೆಲೋಶಿಪ್ಪಿನ ಆಯ್ಕೆಪತ್ರ ಕೈಯಲ್ಲಿದ್ದರೆ ಆ ಮಾತನ್ನು ಒಂದು ವರ್ಷ ಮುಂದೂಡುವುದು ಸುಲಭ.

13. ಸಿಗದಿದ್ದರೆ ಅದೇ ಕಾಗದವನ್ನು ಬೇರೆ ಕಡೆ ಕಳಿಸಿ

ಕರಡು ನಿಯಮ ಪ್ರಕಟವಾದಾಗ ಸರ್ಕಾರ ಆಕ್ಷೇಪಣೆಗೆ ಸಮಯ ಕೊಡುತ್ತದೆ, ಸಾಮಾನ್ಯವಾಗಿ ಮೂವತ್ತು ದಿನ. ಕೇಂದ್ರದ ಮಸೂದೆಗಳಿಗೂ ಪೂರ್ವ ಸಮಾಲೋಚನೆಯ 2014ರ ನೀತಿ ಇದೆ, ಪಾಲನೆ ಅಷ್ಟಕ್ಕಷ್ಟೆ. ಫೆಲೋಶಿಪ್ಪಿಗೆಂದು ಸಂಗ್ರಹಿಸಿದ ಅಂಕಿ, ದಾಖಲೆಗಳನ್ನು ಐದು ಪುಟಕ್ಕಿಳಿಸಿ ಕರ್ನಾಟಕ ಕಾನೂನು ಆಯೋಗಕ್ಕೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ, ನಿಮ್ಮ ಶಾಸಕರಿಗೆ ಕಳಿಸಿ. ಮುಂದಿನ ವರ್ಷದ ಅರ್ಜಿಯಲ್ಲಿ ‘ಸಲ್ಲಿಸಿದ ಮನವಿ’ ಎಂಬ ಸಾಲು ಸೇರುತ್ತದೆ. ಕೋಟದ ಶಿವರಾಮ ಕಾರಂತರಿಗೆ ಕಾನೂನು ಪದವಿ ಇರಲಿಲ್ಲ, ಫೆಲೋಶಿಪ್ಪೂ ಇರಲಿಲ್ಲ. 1980ರ ದಶಕದಲ್ಲಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡಹೊರಟಾಗ ಸಮಾಜ ಪರಿವರ್ತನ ಸಮುದಾಯದ ಜೊತೆ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು. 1987ರಲ್ಲಿ ತಡೆಯಾಜ್ಞೆ ಬಂತು, ಮುಂದೆ ಆ ಕಂಪನಿಯೇ ಮುಚ್ಚಿತು.

14. ಸಿಕ್ಕರೆ, ವರದಿಯ ಕನ್ನಡ ಪ್ರತಿ ಮಾಡಿಸಿ

ಫೆಲೋಶಿಪ್ ಕೊನೆಗೆ ಇಂಗ್ಲಿಷಿನಲ್ಲಿ ವರದಿ ಕೊಡಬೇಕಾಗುತ್ತದೆ; ಅದು ಸಂಸ್ಥೆಯ ಕಪಾಟು ಸೇರುತ್ತದೆ. ಇಪ್ಪತ್ತು ಪುಟದ ಕನ್ನಡ ರೂಪಕ್ಕೆ ಮುದ್ರಣ ವೆಚ್ಚವನ್ನು ಅರ್ಜಿಯ ಬಜೆಟ್ಟಿನಲ್ಲೇ ತೋರಿಸಿ, ಬಹುಪಾಲು ಸಂಸ್ಥೆಗಳು ತಕರಾರು ಮಾಡುವುದಿಲ್ಲ. ನಿಮಗೆ ಮಾತು ಕೊಟ್ಟವರ ಮನೆಗೆ ಒಂದು, ವಕೀಲರ ಸಂಘದ ಗ್ರಂಥಾಲಯಕ್ಕೆ ಒಂದು, ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು, ಗ್ರಾಮ ಪಂಚಾಯಿತಿಗೆ ಒಂದು, ತಹಶೀಲ್ದಾರರಿಗೆ ಒಂದು ಪ್ರತಿ. ತಹಶೀಲ್ದಾರರ ಕಚೇರಿಯಲ್ಲಿ ಕೊಡುವಾಗ ಎರಡನೇ ಪ್ರತಿಯ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಾಳೆ ರಿಟ್ ಅರ್ಜಿ ಹಾಕುವ ಸಂದರ್ಭ ಬಂದರೆ ಅನುಬಂಧ ‘ಎ’ ಅದೇ.